ಭೃತ್ಯಾಚಾರವೂ ದುಡಿಯುವವನ ಮನಸ್ಸೂ

ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರವೆಂದು ಪಂಚಾಚಾರಗಳನ್ನು ನಾವು ಬಾಲ್ಯದಿಂದಲೂ ಬಾಯಿಪಾಠವಾಗಿ ಹೇಳುತ್ತ ಬಂದಿದ್ದೇವೆ. ಇವುಗಳಲ್ಲಿ ಭೃತ್ಯಾಚಾರವನ್ನು ಸಾಮಾನ್ಯವಾಗಿ ಕೊನೆಯಲ್ಲಿ ಎಣಿಸುವರು. ಕೊನೆಯಲ್ಲಿ ಎಣಿಸಿದ ಮಾತ್ರಕ್ಕೆ ಅದು ಕಿರಿದಾಗಲಿಲ್ಲ. ಬಿತ್ತು, ಮೊಳೆತು, ಬೆಳೆದು, ಹೂವಾದ ಮೇಲೆ ಕಾಯಿ ಕಾಣಿಸಿಕೊಳ್ಳುವಂತೆ, ಉಳಿದ ಆಚಾರಗಳು ನಮ್ಮಲ್ಲಿ ಬೇರೂರಿದುವೋ ಇಲ್ಲವೋ ಎಂಬುದು ಭೃತ್ಯಾಚಾರದಲ್ಲಿ ಗೋಚರವಾಗುತ್ತದೆ. ಶಿವಭಕ್ತರೆಲ್ಲರಿಗೂ ತಾನು ಭೃತ್ಯನೆಂದು ತಿಳಿದು ಅಹಂಕಾರವನ್ನು ತೊರೆದು ನಡೆಯುವುದೇ ಭೃತ್ಯಾಚಾರ.

ಈ ಆಚಾರವನ್ನು ನಾವು ಎಲ್ಲಿ ಪಾಲಿಸುತ್ತೇವೆ? ಮಠಕ್ಕೆ ಬಂದಾಗ ಪಾದುಕೆಗಳನ್ನು ಹೊರಗೆ ಬಿಟ್ಟು ತಲೆಬಾಗಿ ನಿಲ್ಲುತ್ತೇವೆ. ಜಾತ್ರೆಯ ದಾಸೋಹದಲ್ಲಿ ಸೆರಗು ಬಿಗಿದು, ಸೊಂಟ ಕಟ್ಟಿ ಬಡಿಸುತ್ತೇವೆ. ಇದು ಸರಿಯೇ. ಆದರೆ ಮಠದ ಬಾಗಿಲಿನಲ್ಲಿ ಭೃತ್ಯನಾಗಿದ್ದವನು ತನ್ನ ಅಂಗಡಿಯ ಬಾಗಿಲಿಗೆ ಹೋದೊಡನೆ ದೊರೆಯಾಗಿಬಿಟ್ಟರೆ, ಆತನ ಭೃತ್ಯಾಚಾರವು ಎಷ್ಟು ಗಳಿಗೆಯದು? ನಮ್ಮಲ್ಲಿ ಅಂಗಡಿ, ಮಂಡಿ, ಅಕ್ಕಿಗಿರಣಿ, ತೋಟ, ಕಾರ್ಖಾನೆ, ಶಾಲೆ, ಆಸ್ಪತ್ರೆ ನಡೆಸುವವರು ಅನೇಕರಿದ್ದಾರೆ. ಅವರ ಕೈಕೆಳಗೆ ಹತ್ತಾರು, ನೂರಾರು ಜನ ದುಡಿಯುತ್ತಿದ್ದಾರೆ. ಆ ದುಡಿಯುವವರ ಕೈಕಾಲುಗಳನ್ನು ನಾವು ಕಾಣುತ್ತೇವೆ. ಅವರ ಮನಸ್ಸನ್ನು ಕಾಣುತ್ತೇವೆಯೇ ಎಂಬುದೇ ಇಂದಿನ ವಿಚಾರ.

ಮೊದಲು ಶಬ್ದವನ್ನೇ ನೋಡೋಣ. ಸಂಸ್ಕೃತದಲ್ಲಿ 'ಭೃ' ಎಂಬ ಧಾತುವಿಗೆ ಹೊರು, ಪೋಷಿಸು ಎಂದು ಅರ್ಥ. ಆ ಧಾತುವಿನಿಂದ ಹುಟ್ಟಿದ 'ಭೃತ್ಯ' ಎಂಬ ಪದಕ್ಕೆ ಭರಿಸಲ್ಪಡಬೇಕಾದವನು, ಪೋಷಿಸಲ್ಪಡತಕ್ಕವನು ಎಂದೇ ಅರ್ಥವಾಗುತ್ತದೆ. ಕೂಲಿಗೆ 'ಭೃತಿ' ಎನ್ನುವರು. ಒಡೆಯನಿಗೆ 'ಭರ್ತೃ' ಎನ್ನುವರು. ಮೂರೂ ಒಂದೇ ಬೇರಿನಿಂದ ಬಂದುವು. ಆಳೆಂದರೆ ಆಜ್ಞೆಯನ್ನು ಕೇಳತಕ್ಕವನೆಂದು ನಾವು ತಿಳಿದುಕೊಂಡಿದ್ದೇವೆ. ಶಬ್ದವಾದರೋ ಆತನು ಕಾಪಾಡಲ್ಪಡತಕ್ಕವನೆಂದು ಸಾರುತ್ತಿದೆ. ಒಡೆಯನೆಂದರೆ ಆಜ್ಞಾಪಿಸುವವನೆಂದು ನಾವು ಭಾವಿಸಿದ್ದೇವೆ. ಶಬ್ದವಾದರೋ ಆತನು ಭಾರವನ್ನು ಹೊರುವವನೆಂದು ತಿಳಿಸುತ್ತಿದೆ. ಹೊರದ ಒಡೆಯನಿಗೆ ಆ ಹೆಸರು ಸಲ್ಲದು.

ಇಲ್ಲಿ ಒಂದು ಆಕ್ಷೇಪವು ಬರಬಹುದು: "ನಾವು ತಿಂಗಳ ಮೊದಲ ತಾರೀಖಿಗೆ ಸಂಬಳವನ್ನು ಎಣಿಸಿ ಕೊಡುತ್ತೇವೆ, ಹಬ್ಬಕ್ಕೆ ಬಟ್ಟೆಯನ್ನೂ ಕೊಡುತ್ತೇವೆ. ಪೋಷಣೆಯೆಂದರೆ ಇದೇ ಅಲ್ಲವೇ?" ಇದಕ್ಕೆ ಸಮಾಧಾನವನ್ನು ನಮ್ಮ ತ್ರಿವಿಧ ದಾಸೋಹದ ತತ್ತ್ವದಲ್ಲಿಯೇ ಕಾಣಬಹುದು. ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಸಮರ್ಪಿಸಬೇಕೆಂದು ಹಿರಿಯರು ವಿಧಿಸಿದ್ದಾರೆ. ಮನವು ಲಿಂಗಕ್ಕೆ ಸಲ್ಲತಕ್ಕದ್ದು. ನೀವು ಕೊಡುವ ಸಂಬಳವು ಒಬ್ಬನ ತನುವಿನ ಇಷ್ಟು ಗಂಟೆಗಳ ಶ್ರಮಕ್ಕೆ, ಆತನ ಕೈಚಳಕಕ್ಕೆ, ಆತನ ಲೆಕ್ಕದ ಜಾಣ್ಮೆಗೆ ಬೆಲೆಯಾದೀತು. ಆತನ ಮನಸ್ಸು ಮಾತ್ರ ಮಾರಾಟಕ್ಕೆ ಬಂದ ಸರಕಲ್ಲ. ಅದು ಲಿಂಗದ ನೈವೇದ್ಯ. ಲಿಂಗಕ್ಕೆ ಏರಬೇಕಾದ ಹೂವನ್ನು ದಾರಿಯಲ್ಲಿ ಹಿಸುಕಿ ಹಾಕಿದವನು, ಹೂವಿನ ಬೆಲೆಯನ್ನು ಕೊಟ್ಟಿದ್ದೇನೆಂದರೆ ದೋಷವು ಕಳೆದೀತೇ?

ಒಂದು ದೃಷ್ಟಾಂತವನ್ನು ಭಾವಿಸೋಣ. ಒಂದು ಪೇಟೆಯ ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನೊಬ್ಬನಿದ್ದಾನೆ. ಬೆಳಿಗ್ಗೆ ಎಂಟಕ್ಕೆ ಬಂದವನು ರಾತ್ರಿ ಎಷ್ಟಕ್ಕೆ ಹೊರಡುವನೆಂಬುದು ಆತನಿಗೇ ತಿಳಿಯದು. ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿದರೆ ಗಿರಾಕಿಗಳ ಎದುರಿನಲ್ಲಿಯೇ ಯಜಮಾನರು ಬೈಯುತ್ತಾರೆ. ಮನೆಗೆ ಹೋಗಿ ತುತ್ತು ಎತ್ತುವಾಗ ಮೊಬೈಲು ಮೊಳಗುತ್ತದೆ. ಎತ್ತದಿದ್ದರೆ ಮರುದಿನ ಚುಚ್ಚುಮಾತು. ರಜೆ ಕೇಳಿದರೆ, "ನಿನ್ನ ಜಾಗಕ್ಕೆ ಹತ್ತು ಜನ ಕಾಯುತ್ತಿದ್ದಾರೆ" ಎಂಬ ಉತ್ತರ. ಕೆಲವು ತಿಂಗಳಲ್ಲಿ ಆತನಿಗೆ ನಿದ್ರೆ ಕೆಡುತ್ತದೆ. ಊಟ ರುಚಿಸದು. ಮಕ್ಕಳ ಮೇಲೆ ಸಿಡುಕುತ್ತಾನೆ. ಬೆಳಿಗ್ಗೆ ಕೈಯಲ್ಲಿ ಲಿಂಗವನ್ನು ಹಿಡಿದು ಕುಳಿತರೆ ಕಣ್ಣಿನ ಮುಂದೆ ಯಜಮಾನರ ಕೆಂಗಣ್ಣು ಕಾಣುತ್ತದೆ. ಹೀಗಾದ ಮೇಲೆ ಆತನ ಪೂಜೆಯನ್ನು ಕೆಡಿಸಿದವರು ಯಾರು? ಆ ಯಜಮಾನರೂ ತಮ್ಮ ಮನೆಯಲ್ಲಿ ಅದೇ ಹೊತ್ತಿಗೆ ಪೂಜೆಗೆ ಕುಳಿತಿರುತ್ತಾರೆಂಬುದು ಶೋಚನೀಯವಾದ ಸಂಗತಿ.

ಇಂಥ ಸ್ಥಿತಿಗೆ ಈಗಿನ ವೈದ್ಯಶಾಸ್ತ್ರವು ಒಂದು ಹೆಸರನ್ನೂ ಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ತನ್ನ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಉದ್ಯೋಗದಿಂದುಂಟಾಗುವ ಬಸವಳಿಕೆಯನ್ನು ವಿವರಿಸಿ, ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯೆಲ್ಲ ಬತ್ತಿಹೋದಂತಾಗುವುದು, ಕೆಲಸದ ಮೇಲೆ ಜಿಗುಪ್ಸೆ ಹುಟ್ಟಿ ಮನಸ್ಸು ದೂರ ಸರಿಯುವುದು, ಮಾಡುವ ಕೆಲಸದಲ್ಲಿ ದಕ್ಷತೆ ಕುಗ್ಗುವುದು. ಇದನ್ನು ಆ ಸಂಸ್ಥೆಯು ವ್ಯಾಧಿಯೆಂದು ಎಣಿಸಲಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಎಣಿಸಿತು. ಕೆಲಸದ ಸ್ಥಳದ ಒತ್ತಡವು ಬಹುಕಾಲ ಪರಿಹಾರವಾಗದೆ ಉಳಿದುದೇ ಇದರ ಮೂಲವೆಂದು ಹೇಳಿತು. ಎತ್ತು ಕುಸಿದು ಬಿದ್ದರೆ ಎತ್ತಿನ ಜಾತಿಯನ್ನು ಹಳಿಯುವುದಕ್ಕೆ ಮೊದಲು ಗಾಡಿಯ ಹೇರನ್ನು ನೋಡಬೇಕಲ್ಲವೇ?

ಹೇರು ಹೆಚ್ಚಾದರೆ ಆಗುವ ಹಾನಿಯನ್ನು ಅಂಕಿಗಳೂ ಹೇಳುತ್ತಿವೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ೨೦೨೧ರಲ್ಲಿ ಪ್ರಕಟಿಸಿದ ಗಣನೆಯಂತೆ, ವಾರಕ್ಕೆ ೫೫ ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದ ಕಾರಣದಿಂದ ಪಾರ್ಶ್ವವಾಯು ಮತ್ತು ಹೃದ್ರೋಗಗಳಿಗೆ ತುತ್ತಾಗಿ ೨೦೧೬ನೆಯ ಒಂದೇ ವರ್ಷದಲ್ಲಿ ಲೋಕದಲ್ಲಿ ೭ ಲಕ್ಷ ೪೫ ಸಾವಿರ ಜನ ಮಡಿದರು. ಖಿನ್ನತೆ ಮತ್ತು ಆತಂಕಗಳಿಂದ ವರ್ಷಕ್ಕೆ ೧,೨೦೦ ಕೋಟಿ ದುಡಿಮೆಯ ದಿನಗಳು ನಷ್ಟವಾಗುತ್ತಿವೆಯೆಂದು ಅವೇ ಸಂಸ್ಥೆಗಳು ೨೦೨೨ರಲ್ಲಿ ಹೇಳಿದುವು. ಲಾಭದ ಭಾಷೆಯನ್ನು ಮಾತ್ರ ಬಲ್ಲವರಿಗೂ ಈ ಮಾತು ತಿಳಿಯದಿರದು. ಆದರೆ ಭಕ್ತನಾದವನು ನಷ್ಟಕ್ಕೆ ಅಂಜಿ ದಯೆಯನ್ನು ತಾಳತಕ್ಕವನಲ್ಲ. ದಯೆಯೇ ಆತನ ಧರ್ಮವಾದುದರಿಂದ ತಾಳತಕ್ಕವನು.

ಇನ್ನು ಎರಡನೆಯ ಆಕ್ಷೇಪ. ಇದು ನಮ್ಮ ಧರ್ಮದ ಮಾತನ್ನೇ ಹಿಡಿದು ಮಾಡುವ ಆಕ್ಷೇಪವಾದುದರಿಂದ ಹೆಚ್ಚು ವಿಚಾರಕ್ಕೆ ಅರ್ಹವಾಗಿದೆ. "ಕಾಯಕದಲ್ಲಿಯೇ ಕೈಲಾಸವುಂಟೆಂದು ಶರಣರು ಹೇಳಲಿಲ್ಲವೇ? ನುಲಿಯ ಚಂದಯ್ಯಗಳು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ನೀರಿಗೆ ಜಾರಿದರೂ ಕಾಯಕವನ್ನು ನಿಲ್ಲಿಸಲಿಲ್ಲವಲ್ಲ! ಹಾಗಿರುವಾಗ ಹೆಚ್ಚು ಕೆಲಸವಾಯಿತು, ಮನಸ್ಸಿಗೆ ದಣಿವಾಯಿತು ಎಂದು ಗೊಣಗುವುದು ಭಕ್ತಲಕ್ಷಣವೇ?" ಎಂದು ಕೆಲವು ಯಜಮಾನರು ಕೇಳುತ್ತಾರೆ. ಕಾರ್ಖಾನೆಯ ಗೋಡೆಯ ಮೇಲೆ ಕಾಯಕದ ಮಹಿಮೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿಸಿ, ಅದರ ಕೆಳಗೆ ಹನ್ನೆರಡು ಗಂಟೆ ದುಡಿಸುವವರೂ ಇದ್ದಾರೆ.

ಇದಕ್ಕೆ ಉತ್ತರವೇನೆಂದರೆ, ಚಂದಯ್ಯಗಳು ಆ ನಿಷ್ಠೆಯನ್ನು ತಮಗೆ ತಾವು ವಿಧಿಸಿಕೊಂಡರು. ಮತ್ತೊಬ್ಬನ ಕೊರಳಿಗೆ ಅದನ್ನು ಕಟ್ಟಲಿಲ್ಲ. ಅವರು ಹೊಸೆದ ಹಗ್ಗ ಅವರದು. ಅದರ ಫಲವು ಅವರ ಕೈಯಿಂದಲೇ ದಾಸೋಹಕ್ಕೆ ಸಲ್ಲುತ್ತಿತ್ತು. ಶರಣರ ಕಾಯಕವು ಸ್ವಂತ ಇಚ್ಛೆಯಿಂದ ಹಿಡಿದ ವ್ರತ. ವ್ರತವನ್ನು ತಾನು ಹಿಡಿಯಬಹುದಲ್ಲದೆ ಮತ್ತೊಬ್ಬನಿಂದ ಹಿಡಿಸಲಾಗದು. ಏಕಾದಶಿಯ ದಿನ ಒಬ್ಬನು ಉಪವಾಸವಿದ್ದರೆ ಅದು ಪುಣ್ಯ. ತನ್ನ ಆಳಿಗೆ ಅನ್ನವಿಕ್ಕದೆ ಉಪವಾಸ ಕೆಡಹಿದರೆ ಅದು ಪಾಪ. ಹೊಟ್ಟೆ ಬರಿದಾದುದು ಎರಡು ಕಡೆಯಲ್ಲಿಯೂ ಒಂದೇ. ಧರ್ಮವು ಮಾತ್ರ ಒಂದಲ್ಲ.

ಮೇಲಾಗಿ, ಕಾಯಕವನ್ನು ಕೊಂಡಾಡಿದ ಅದೇ ಶರಣಪರಂಪರೆಯಲ್ಲಿ ಕಾಯಕಕ್ಕೆ ಎಲ್ಲೆಯನ್ನು ಹಾಕಿದ ತಾಯಿಯೊಬ್ಬಳಿದ್ದಾಳೆ. ಆಯ್ದಕ್ಕಿ ಮಾರಯ್ಯಗಳು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು, ಇದು ನಮಗೆ ಬೇಕಾದುದಕ್ಕಿಂತ ಮಿಗಿಲಾಯಿತು, ಆಸೆಯ ಫಲವಿದು, ಹೆಚ್ಚಿದುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿದರು. ಈ ಕಥೆಯನ್ನು ನಾವು ಬಡವನ ನಿರಾಸೆಗೆ ಉದಾಹರಣೆಯಾಗಿ ಹೇಳುವುದುಂಟು. ಸಾವಿರ ಚೀಲ ಕೂಡಿಟ್ಟವನು ಇದನ್ನು ತನಗಾಗಿ ಕೇಳಿಕೊಳ್ಳಬೇಕು. ಒಂದು ಸೆರಗಿನಷ್ಟು ಅಕ್ಕಿ ಹೆಚ್ಚಾದುದೇ ಆ ತಾಯಿಗೆ ಭಾರವಾಯಿತು. ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬನಿಂದ ಮಾಡಿಸಿ ಉಳಿಸಿದ ಹಣವು ನಮ್ಮ ಪೆಟ್ಟಿಗೆಯಲ್ಲಿ ಹಗುರವಾಗಿ ಕೂಡಬಲ್ಲುದೇ? ಆ ಹಣದಿಂದ ನಡೆಸಿದ ದಾಸೋಹವು ಸತ್ಯಶುದ್ಧವೆನ್ನಿಸೀತೇ? ಇಲ್ಲವೆಂದೇ ಲಕ್ಕಮ್ಮನವರ ನಡೆಯು ತೀರ್ಪು ಕೊಡುತ್ತದೆ.

ಬಸವಣ್ಣನವರ ಬಾಳನ್ನಾದರೂ ಸ್ಮರಿಸೋಣ. ಅವರು ಬಿಜ್ಜಳನಲ್ಲಿ ಕರಣಿಕರಾಗಿ ಸೇರಿ ಭಂಡಾರಿಗಳಾದವರು. ಎಂದರೆ ಪರರ ಕೈಕೆಳಗೆ ಉದ್ಯೋಗದಲ್ಲಿದ್ದವರು. ಚಾಡಿಕೋರರ ಮಾತು, ಒಡೆಯನ ಸಂಶಯ, ಲೆಕ್ಕವನ್ನು ಮತ್ತೆ ಮತ್ತೆ ಒಪ್ಪಿಸಬೇಕಾದ ಪ್ರಸಂಗ, ಇವೆಲ್ಲವನ್ನೂ ಅವರು ಉಂಡವರೆಂದು ಚರಿತ್ರೆ ಪುರಾಣಗಳು ಹೇಳುತ್ತವೆ. ಅಷ್ಟನ್ನು ಉಂಡ ಅವರು ತಮ್ಮ ಬಳಿಗೆ ಬಂದವರನ್ನು ಹೇಗೆ ಕಂಡರು? ಅಗಸ, ಅಂಬಿಗ, ಮಾದಾರ, ಡೋಹರ, ಹಗ್ಗ ಹೊಸೆಯುವವ, ಅಂಗಳ ಗುಡಿಸುವ ಸತ್ಯಕ್ಕ, ಇವರನ್ನೆಲ್ಲ ಅಣ್ಣ, ಅಪ್ಪ, ಅಕ್ಕ ಎಂದು ಕರೆದರು. ಅನುಭವಮಂಟಪದಲ್ಲಿ ಅವರಿಗೆ ಕುಳ್ಳಿರುವ ಸ್ಥಾನವನ್ನು ಮಾತ್ರವಲ್ಲ, ಮಾತನಾಡುವ ಸ್ಥಾನವನ್ನೂ ಕೊಟ್ಟರು. ಅಲ್ಲಿ ಕಿರಿಯನು ಹಿರಿಯನನ್ನು ಪ್ರಶ್ನಿಸಬಹುದಾಗಿತ್ತು. ಪ್ರಶ್ನಿಸಿದುದಕ್ಕಾಗಿ ಆತನ ಅನ್ನಕ್ಕೆ ಕುಂದು ಬರುತ್ತಿರಲಿಲ್ಲ. ನಮ್ಮ ಅಂಗಡಿಯಲ್ಲಿ, ಶಾಲೆಯಲ್ಲಿ, ಗಿರಣಿಯಲ್ಲಿ ಒಬ್ಬ ನೌಕರನು, "ಸ್ವಾಮಿ, ಈ ಭಾರ ನನಗೆ ಹೆಚ್ಚಾಯಿತು" ಎಂದು ಅಂಜದೆ ಹೇಳಬಲ್ಲನೇ? ಹೇಳಬಲ್ಲನಾದರೆ ಅಲ್ಲಿ ಅನುಭವಮಂಟಪದ ಒಂದು ಕಂಬವಾದರೂ ನಿಂತಿದೆಯೆನ್ನಬಹುದು.

ಈಗ ಮನಸ್ಸಿನ ಬೇನೆಯ ವಿಚಾರವಾಗಿ ಒಂದೆರಡು ಮಾತು. ಮೈಗೆ ಜ್ವರ ಬಂದರೆ ನಾವು ಕನಿಕರಿಸುತ್ತೇವೆ. ಮನಸ್ಸಿಗೆ ಜ್ವರ ಬಂದರೆ ನಗುತ್ತೇವೆ. "ಸೋಮಾರಿ" ಎನ್ನುತ್ತೇವೆ, "ಗಾಳಿ ಸೋಕಿದೆ" ಎನ್ನುತ್ತೇವೆ, "ಪೂರ್ವಕರ್ಮ" ಎನ್ನುತ್ತೇವೆ. ಇವು ಮೂರೂ ತಪ್ಪು ಮಾತುಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫-೧೬ರಲ್ಲಿ ದೇಶದ ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ನೂರಕ್ಕೆ ಸುಮಾರು ೧೦.೬ ಮಂದಿಗೆ ಒಂದಲ್ಲ ಒಂದು ಬಗೆಯ ಮನೋವ್ಯಾಧಿಯಿತ್ತೆಂದು ಕಂಡುಬಂದಿತು. ಅವರಲ್ಲಿ ಚಿಕಿತ್ಸೆಯಿಲ್ಲದೆ ಉಳಿದವರು, ವ್ಯಾಧಿಯ ಬಗೆಯನ್ನು ಅನುಸರಿಸಿ, ನೂರಕ್ಕೆ ೭೦ರಿಂದ ೯೨ ಮಂದಿ. ಹತ್ತು ಜನ ದುಡಿಯುವ ಕಡೆಯಲ್ಲಿ ಒಬ್ಬನಾದರೂ ಮೌನವಾಗಿ ನೋಯುತ್ತಿರಬಹುದೆಂದು ಇದರಿಂದ ಊಹಿಸಬೇಕು.

ಔಷಧವಿಲ್ಲದ ಬೇನೆಯೂ ಇದಲ್ಲ. ನಮ್ಮ ನಾಡೇ ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದೆ. ೧೯೮೫ರಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಪ್ರಾಥಮಿಕ ಆರೋಗ್ಯಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋವ್ಯಾಧಿಗಳಿಗೆ ಅಲ್ಲಿಯೇ ಚಿಕಿತ್ಸೆ ದೊರೆಯುವಂತೆ ಮಾಡಿದರು. ಆ ಬಳ್ಳಾರಿಯ ಮಾದರಿಯನ್ನೇ ಹಿಡಿದು ೧೯೯೬ರಲ್ಲಿ ಭಾರತ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಇಂಥ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬನ ಹಕ್ಕೆಂದು ಸಾರಿ, ಮನಸ್ಸಿನ ರೋಗಿಯನ್ನು ಮೈಯ ರೋಗಿಗೆ ಸಮನಾಗಿ ಕಾಣಬೇಕೆಂದೂ, ಆತನ ಗುಟ್ಟನ್ನು ಕಾಪಾಡಬೇಕೆಂದೂ ವಿಧಿಸಿತು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ಸೇವೆಯಲ್ಲಿ ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಿಯಾದರೂ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಿ, ಶುಲ್ಕವಿಲ್ಲದೆ ಸಲಹೆಯನ್ನು ಪಡೆಯಬಹುದು. ಈ ಸಂಖ್ಯೆಯನ್ನು ಪ್ರತಿಯೊಂದು ಅಂಗಡಿಯ, ಕಚೇರಿಯ ಗೋಡೆಯ ಮೇಲೆ ಬರೆದಿಡುವುದು ಅರವಟ್ಟಿಗೆಯನ್ನಿಟ್ಟಷ್ಟು ಪುಣ್ಯದ ಕೆಲಸ.

"ಲಿಂಗಪೂಜೆಯನ್ನು ನಿಷ್ಠೆಯಿಂದ ಮಾಡುವವನಿಗೆ ಇವೆಲ್ಲ ಏಕೆ ಬೇಕು?" ಎಂದು ಕೇಳುವವರುಂಟು. ಪೂಜೆಯು ಮನಸ್ಸಿಗೆ ನೆಲೆಯನ್ನು ಕೊಡುವುದು ನಿಜ. ಆದರೆ ಕಾಲು ಮುರಿದ ಭಕ್ತನಿಗೆ, ಪೂಜೆಯೊಂದೇ ಸಾಕು, ವೈದ್ಯನು ಬೇಡವೆಂದು ನಾವು ಹೇಳುವುದಿಲ್ಲ. ಮನಸ್ಸು ಮುರಿದವನಿಗೂ ಹಾಗೆ ಹೇಳಲಾಗದು. ನಿನಗೆ ಭಕ್ತಿ ಸಾಲದೆಂದು ನೊಂದವನನ್ನು ಹಳಿದರೆ, ನೋವಿನ ಮೇಲೆ ನಾಚಿಕೆಯನ್ನೂ ಹೇರಿದಂತಾಗುವುದು. ವೈದ್ಯನ ಕೈಯಲ್ಲಿಯೂ ಶಿವನ ಕರುಣೆಯೇ ಕೆಲಸ ಮಾಡುತ್ತದೆಂದು ತಿಳಿಯತಕ್ಕದ್ದು.

ಹಾಗಾದರೆ ಯಜಮಾನನಾದ ಗೃಹಸ್ಥನು ಮಾಡಬೇಕಾದುದೇನು? ದೊಡ್ಡ ವೆಚ್ಚದ ಕಾರ್ಯಗಳನ್ನು ಇಲ್ಲಿ ಹೇಳುತ್ತಿಲ್ಲ. ನಿತ್ಯನೇಮದಂತೆ ಹಿಡಿಯಬಹುದಾದ ಐದು ನಿಯಮಗಳನ್ನು ಮಾತ್ರ ನಿವೇದಿಸುತ್ತೇನೆ.

ಮೊದಲನೆಯದು ಹೊತ್ತಿನ ನಿಯಮ. ಕೆಲಸಕ್ಕೆ ಆರಂಭವಿರುವಂತೆ ಮುಕ್ತಾಯವೂ ಇರಬೇಕು. ೧೯೪೮ರ ಕಾರ್ಖಾನೆಗಳ ಕಾಯಿದೆಯೇ ವಯಸ್ಕ ಕಾರ್ಮಿಕನಿಗೆ ವಾರಕ್ಕೆ ೪೮ ಗಂಟೆಗಳ ಮಿತಿಯನ್ನೂ, ವಾರಕ್ಕೊಂದು ದಿನದ ಬಿಡುವನ್ನೂ, ಐದು ಗಂಟೆಗಳ ದುಡಿಮೆಯ ಒಳಗೆ ಅರ್ಧ ಗಂಟೆಯ ವಿರಾಮವನ್ನೂ ವಿಧಿಸಿತ್ತು. ರಾಜಶಾಸನವು ಇಷ್ಟನ್ನು ಹೇಳುವಾಗ ಧರ್ಮಶಾಸನವು ಇದಕ್ಕಿಂತ ಕಡಿಮೆಯನ್ನು ಹೇಳೀತೇ? ಮನೆಗೆ ಹೋದವನನ್ನು ಮೊಬೈಲಿನಲ್ಲಿ ಬೆನ್ನಟ್ಟಬಾರದು. ಆತನ ಮನೆಯೂ ಲಿಂಗದ ಮನೆಯೇ.

ಎರಡನೆಯದು ಮಾತಿನ ನಿಯಮ. ತಪ್ಪನ್ನು ತಿದ್ದುವುದು ಒಡೆಯನ ಕರ್ತವ್ಯ; ತಪ್ಪು ಮಾಡಿದವನನ್ನು ಕುಗ್ಗಿಸುವುದು ಕರ್ತವ್ಯವಲ್ಲ. ತಿದ್ದುವ ಮಾತನ್ನು ಏಕಾಂತದಲ್ಲಿ ಹೇಳಬೇಕು; ಮೆಚ್ಚುವ ಮಾತನ್ನು ಹತ್ತು ಜನರ ಎದುರಿಗೆ ಹೇಳಬೇಕು. ನಮ್ಮಲ್ಲಿ ಅನೇಕರು ಇದನ್ನು ತಲೆಕೆಳಗು ಮಾಡುತ್ತಾರೆ. ಮೃದುವಾಗಿ ಆಡಿದ ಮಾತಿಗೆ ಜಪತಪಗಳ ಬೆಲೆಯನ್ನು ಕಟ್ಟಿದವರ ಸಂತತಿ ನಾವೆಂಬುದನ್ನು ಮರೆಯಬಾರದು.

ಮೂರನೆಯದು ಸ್ಪಷ್ಟತೆಯ ನಿಯಮ. ಯಾವ ಕೆಲಸವು ಯಾರದು, ಸಂಬಳವೆಷ್ಟು, ಯಾವಾಗ ದೊರೆಯುವುದು, ರಜೆ ಎಷ್ಟು ಎಂಬುದನ್ನು ಮೊದಲೇ ತಿಳಿಸಿ ಅದರಂತೆ ನಡೆಯಬೇಕು. ನಾಳೆ ಕೆಲಸವಿದೆಯೋ ಇಲ್ಲವೋ ಎಂಬ ಅನಿಶ್ಚಯವು ಹಸಿವಿಗಿಂತ ಹೆಚ್ಚಾಗಿ ಮನಸ್ಸನ್ನು ಕೊರೆಯುತ್ತದೆ. ಅಂಜಿಕೆಯಿಂದ ದುಡಿಸಿದರೆ ಹೆಚ್ಚು ಕೆಲಸವಾದೀತೆಂಬುದು ಭ್ರಮೆ. ಅಂಜಿದ ಕೈ ತಪ್ಪನ್ನೇ ಹೆಚ್ಚು ಮಾಡುತ್ತದೆ.

ನಾಲ್ಕನೆಯದು ಕಿವಿಯ ನಿಯಮ. ವಾರಕ್ಕೊಮ್ಮೆಯಾದರೂ ಕೈಕೆಳಗಿನವರನ್ನು ಕುಳ್ಳಿರಿಸಿ, ಲಾಭನಷ್ಟದ ಮಾತನ್ನು ಬದಿಗಿಟ್ಟು, ಅವರ ಮನೆ ಮಕ್ಕಳ ಯೋಗಕ್ಷೇಮವನ್ನು ಕೇಳಬೇಕು. ಯಾರಾದರೂ ಒಳಗೊಳಗೆ ಕುಗ್ಗಿದಂತೆ, ಊಟ ನಿದ್ರೆ ಬಿಟ್ಟಂತೆ ಕಂಡರೆ, ಬಾಳು ಸಾಕಾಯಿತೆಂದು ಮಾತನಾಡಿದರೆ, ಗದರಿಸಬಾರದು, ಹಾಸ್ಯ ಮಾಡಬಾರದು. ಹತ್ತಿರ ಕುಳಿತು ಕೇಳಬೇಕು; ಒಂಟಿಯಾಗಿ ಬಿಡದೆ ಮನೆಯವರಿಗೆ ತಿಳಿಸಿ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ಗುಣವಾಗಿ ಬಂದವನಿಗೆ ಆತನ ಸ್ಥಾನವನ್ನು ಕಾಯ್ದಿರಿಸಬೇಕು. ಕೆಲಸವು ಉಳಿದಿದೆಯೆಂಬ ಭರವಸೆಯೇ ಅರ್ಧ ಔಷಧ.

ಐದನೆಯದು ಮನೆಯ ನಿಯಮ. ಉದ್ಯೋಗದ ಸ್ಥಳವೆಂದರೆ ಕಾರ್ಖಾನೆಯೊಂದೇ ಅಲ್ಲ. ನಮ್ಮ ಅಡಿಗೆಮನೆ, ಕೊಟ್ಟಿಗೆ, ಅಂಗಳಗಳೂ ಮತ್ತೊಬ್ಬರ ಉದ್ಯೋಗದ ಸ್ಥಳಗಳೇ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೆ ಬೇರೆ ಲೋಟ, ಬೇರೆ ಮೂಲೆ, ಹೆಸರಿಲ್ಲದ ಕೂಗು, ಇವು ಉಳಿದಿರುವ ಮನೆಯಲ್ಲಿ ಭೃತ್ಯಾಚಾರವು ಹೊಸ್ತಿಲನ್ನು ದಾಟಿಲ್ಲವೆಂದೇ ತಿಳಿಯಬೇಕು. ಸತ್ಯಕ್ಕನ ಕಾಯಕವನ್ನು ಪುರಾಣದಲ್ಲಿ ಪೂಜಿಸಿ, ಅಂಗಳದಲ್ಲಿ ಅವಮಾನಿಸುವುದು ಯಾವ ನ್ಯಾಯ? ಈ ನಿಯಮವು ಗೃಹಿಣಿಯರ ಕೈಯಲ್ಲಿದೆ. ಅವರು ಮನಸ್ಸು ಮಾಡಿದರೆ ಇಂದೇ ನೆರವೇರುವುದು.

ದುಡಿಯುವವರಿಗೂ ಒಂದು ಮಾತನ್ನು ಹೇಳದೆ ಮುಗಿಸಲಾಗದು. ಕಾಯಕದಲ್ಲಿ ಕಪಟವಿರಬಾರದೆಂಬ ಸದಾಚಾರವು ನಿಮಗೂ ಸಲ್ಲುವುದು. ಆದರೆ ಸಹಿಸಲಾರದುದನ್ನು ಸಹಿಸಿ ಒಳಗೆ ಬೇಯುವುದು ಸದಾಚಾರವಲ್ಲ. ನೋವನ್ನು ಹೇಳಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ತಮ್ಮ ಅಳಲನ್ನು, ದಣಿವನ್ನು, ಸಂಶಯವನ್ನು ಮುಚ್ಚಿಡದೆ ನುಡಿದವರ ಮಾತುಗಳೇ ಅಲ್ಲವೇ ನಾವು ದಿನವೂ ಪಾರಾಯಣ ಮಾಡುವ ವಚನಗಳು? ಜೊತೆಯವನು ಸೊರಗಿದರೆ ಆತನ ಪಾಲಿನ ಭಾರಕ್ಕೆ ಒಂದು ಕೈ ಕೊಡಿರಿ; ಆತನ ಬೆನ್ನ ಹಿಂದೆ ಆಡಿಕೊಳ್ಳಬೇಡಿರಿ. ಅದೂ ದಾಸೋಹವೇ.

ಸದ್ಭಕ್ತರೇ, ಪ್ರಸಾದವನ್ನು ಸ್ವೀಕರಿಸುವಾಗ ಒಂದು ಅಗುಳೂ ಚೆಲ್ಲದಂತೆ ನಾವು ಎಚ್ಚರವಹಿಸುತ್ತೇವೆ. ಆ ಅಗುಳು ನಮ್ಮ ತಟ್ಟೆಗೆ ಬರುವ ಮೊದಲು ಎಷ್ಟು ಜನರ ಕೈಗಳನ್ನು ದಾಟಿ ಬಂದಿತು! ಉತ್ತವನು, ಹೊತ್ತವನು, ಅಳೆದವನು, ಲೆಕ್ಕ ಬರೆದವನು, ಬೇಯಿಸಿದವಳು. ಇವರಲ್ಲಿ ಒಬ್ಬರ ಕಣ್ಣೀರು ಅದರೊಳಗೆ ಬೆರೆತಿದ್ದರೂ ಅದನ್ನು ಪ್ರಸಾದವೆಂದು ಹೇಗೆ ಕರೆಯೋಣ? ನಾಳೆ ಬೆಳಿಗ್ಗೆ ಪೂಜೆ ಮುಗಿದ ಮೇಲೆ, ಲಿಂಗವನ್ನು ಕರಡಿಗೆಯಲ್ಲಿಡುವ ಮೊದಲು, ನಮ್ಮ ಕೈಕೆಳಗೆ ದುಡಿಯುವ ಒಬ್ಬೊಬ್ಬರ ಹೆಸರನ್ನೂ ಮನಸ್ಸಿನಲ್ಲಿ ನೆನೆಯೋಣ; ನಿನ್ನೆ ನನ್ನಿಂದ ಅವರ ಮನಸ್ಸಿಗೆ ನೋವಾಯಿತೇ ಎಂದು ಕೇಳಿಕೊಳ್ಳೋಣ. ಆಗಿದ್ದರೆ ಅಂಗಡಿಯ ಬೀಗವನ್ನು ತೆಗೆಯುವ ಮೊದಲೇ ಅವರಲ್ಲಿಗೆ ಹೋಗಿ ಸರಿಪಡಿಸಿಕೊಳ್ಳೋಣ.

ಒಡೆಯನಿಗೆ ಭೃತ್ಯಭಾವವೂ ಭೃತ್ಯನಿಗೆ ನಿರ್ಭಯವೂ ಎಲ್ಲರ ಮನಸ್ಸಿಗೆ ಶಾಂತಿಯೂ ಶಿವಕೃಪೆಯಿಂದ ಲಭಿಸಲಿ.